ಗುಡ್ಡದ ಮೇಲಿನ ಕಾಲೇಜು

ಅಮೆರಿಕದ ವಿದ್ಯಾಸಂಸ್ಥೆಗಳೆಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಹಾರ್ವರ್ಡ್, ಯೇಲ್, ಕೊಲಂಬಿಯಗಳಂಥ ದೊಡ್ಡ ಹೆಸರುಗಳು. ಆದರೆ ಆ ದೇಶದ ವಿದ್ಯೆಯ ಸಂಸಾರದಲ್ಲಿ ಇನ್ನೊಂದು ಬಗೆಯ ಸಂಸ್ಥೆಗಳುಂಟು. ಅವು ಸಣ್ಣವು, ಸರ್ಕಾರಕ್ಕೆ ಸೇರಿದವಲ್ಲ, ಯಾವುದೋ ಚಿಕ್ಕ ಊರಿನ ಗುಡ್ಡದ ಮೇಲೋ ಹೊಳೆಯ ದಡದಲ್ಲೋ ಇರತಕ್ಕವು. ಅವುಗಳಲ್ಲಿ ಬಹುಮಟ್ಟಿನವು ಒಂದೊಂದು ಕ್ರೈಸ್ತ ಪಂಗಡದವರು ತಮ್ಮ ಮಕ್ಕಳಿಗಾಗಿ ಕೈಯಿಂದ ಕಾಸು ಹಾಕಿ ಕಟ್ಟಿಕೊಂಡವು. ಇಂದು ನಾನು ಹೇಳಹೊರಟಿರುವುದು ಅಂಥದೊಂದರ ಕಥೆಯನ್ನು. ಅದರ ಹೆಸರು ಸೇಂಟ್ ಓಲಾಫ್ ಕಾಲೇಜು. ಇರುವುದು ಅಮೆರಿಕದ ಉತ್ತರದಂಚಿನ ಮಿನೆಸೋಟ ಸಂಸ್ಥಾನದ ನಾರ್ತ್‌ಫೀಲ್ಡ್ ಎಂಬ ಊರಿನಲ್ಲಿ. ರಾಜಧಾನಿಯಾದ ಸೇಂಟ್ ಪಾಲ್ ನಗರದಿಂದ ದಕ್ಷಿಣಕ್ಕೆ ಸುಮಾರು ೪೦ ಮೈಲಿ. ವಿದ್ಯಾರ್ಥಿಗಳು ಸುಮಾರು ೩,೦೦೦ ಮಂದಿ. ಬಹುಪಾಲು ಎಲ್ಲರೂ ನಾಲ್ಕು ವರ್ಷವೂ ಗುಡ್ಡದ ಮೇಲೆಯೇ ವಾಸ.

ಕ್ಯಾನನ್ ಎಂಬ ಹೊಳೆ ಊರನ್ನು ಸೀಳಿಕೊಂಡು ಹರಿಯುತ್ತದೆ. ಸುತ್ತಲೂ ಜೋಳದ ಹೊಲ, ಹಾಲಿನ ಹಸುಗಳ ಕೊಟ್ಟಿಗೆ. ಊರ ಬಿರುದಾವಳಿಯಲ್ಲಿ ಮೂರೇ ಮಾತು: ಹಸುಗಳು, ಕಾಲೇಜುಗಳು, ಸಂತೃಪ್ತಿ. ಹಸುವಿಗೆ ಅಗ್ರಸ್ಥಾನ ಕೊಟ್ಟಿರುವುದನ್ನು ಕಂಡು ನನಗೆ ಆ ಊರಿನ ಮೇಲೆ ಗೌರವ ಹುಟ್ಟಿತು. ಚಳಿಗಾಲದಲ್ಲಿ ಮಾತ್ರ ಸಂತೃಪ್ತಿಗೆ ಸ್ವಲ್ಪ ಅಡ್ಡಿ. ಶೈತ್ಯ ಸೊನ್ನೆಗಿಂತ ೨೦ ಡಿಗ್ರಿ ಕೆಳಕ್ಕಿಳಿಯುವ ದಿನಗಳುಂಟು.

ಈ ಬಗೆಯ ಕಾಲೇಜನ್ನು ಅಲ್ಲಿಯವರು ಲಿಬರಲ್ ಆರ್ಟ್ಸ್ ಕಾಲೇಜು ಎನ್ನುತ್ತಾರೆ. ಕಲೆಗಳೆಂದೊಡನೆ ನಮ್ಮ ಅರವತ್ತನಾಲ್ಕು ವಿದ್ಯೆಗಳನ್ನು ನೆನೆಯಬೇಕಾಗಿಲ್ಲ. ಯುರೋಪಿನ ಹಳೆಯ ಲೆಕ್ಕದಲ್ಲಿ ಇವು ಏಳು: ವ್ಯಾಕರಣ, ತರ್ಕ, ಅಲಂಕಾರ, ಅಂಕಗಣಿತ, ರೇಖಾಗಣಿತ, ಸಂಗೀತ, ಜ್ಯೋತಿಷ. ಸ್ವತಂತ್ರನಾದ ಮನುಷ್ಯನಿಗೆ ಯೋಗ್ಯವಾದ ವಿದ್ಯೆಗಳೆಂದು ಅವುಗಳಿಗೆ ಆ ಹೆಸರು. ವ್ಯಾಕರಣ ಮೊದಲು ನಿಂತಿರುವುದನ್ನು ಶ್ರೋತೃಗಳು ಗಮನಿಸಬೇಕು. ನಮ್ಮ ಹಿರಿಯರೂ ವೇದಾಂಗಗಳಲ್ಲಿ ವ್ಯಾಕರಣವನ್ನು ಮುಖವೆಂದು ಕರೆದರು. ಈಗಿನ ಕಾಲಕ್ಕೆ ಆ ಮಾತಿನ ಅರ್ಥ ಇಷ್ಟು: ವಿದ್ಯಾರ್ಥಿಯು ಮುಂದೆ ವೈದ್ಯನಾಗಲಿ, ಬ್ಯಾಂಕಿನ ಗುಮಾಸ್ತೆಯಾಗಲಿ, ಮೊದಲು ನಾಲ್ಕು ವರ್ಷ ಸಾಹಿತ್ಯ, ಚರಿತ್ರೆ, ವಿಜ್ಞಾನ, ಧರ್ಮಶಾಸ್ತ್ರ, ಸಂಗೀತಗಳನ್ನು ಕೂಡಿಸಿ ಓದಬೇಕು. ವೃತ್ತಿಯ ಕಸುಬು ಆಮೇಲೆ. ಜನವರಿ ತಿಂಗಳಿಡೀ ಒಂದೇ ಒಂದು ವಿಷಯವನ್ನು ಹಿಡಿದು ಓದುವ ಪದ್ಧತಿಯೊಂದು ಅಲ್ಲಿ ಉಂಟು. ಆರು ವಿಷಯಗಳನ್ನು ಏಕಕಾಲಕ್ಕೆ ಮಕ್ಕಳ ತಲೆಗೆ ತುರುಕುವ ನನ್ನಂಥ ಉಪಾಧ್ಯಾಯನಿಗೆ ಇದು ಹೊಟ್ಟೆಕಿಚ್ಚಿನ ಸಂಗತಿ.

ಇನ್ನು ಪಂಗಡದ ಮಾತು. ಮಾರ್ಟಿನ್ ಲೂಥರ್ ಜರ್ಮನಿಯ ಸಂನ್ಯಾಸಿ, ಪ್ರಾಧ್ಯಾಪಕ. ೧೫೧೭ರಲ್ಲಿ ರೋಮಿನ ಸಭೆಯ ಆಚಾರಗಳನ್ನು ಪ್ರಶ್ನಿಸಿ ಹೊರಟವನು. ಆತನ ಮತತತ್ತ್ವವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮಗೆ ಬೇಕಾದದ್ದು ಆತನ ಎರಡು ಕೆಲಸಗಳು. ಪಂಡಿತರ ಲ್ಯಾಟಿನ್ನನ್ನು ಬದಿಗಿರಿಸಿ ಬೈಬಲನ್ನು ತನ್ನ ಜನರ ಆಡುನುಡಿಗೆ ತಂದ. ಇಡೀ ಗ್ರಂಥ ಜರ್ಮನ್ ಭಾಷೆಯಲ್ಲಿ ಮುಗಿದು ಬಂದದ್ದು ೧೫೩೪ರಲ್ಲಿ. ೧೫೨೪ರಲ್ಲಿಯೇ ಊರೂರಿನ ಪುರಸಭೆಗಳವರಿಗೆ ಪತ್ರ ಬರೆದು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆ ತೆರೆಯಿರೆಂದು ಒತ್ತಾಯಪಡಿಸಿದ. ದೇವರ ಮಾತು ಜನರ ಮಾತಿನಲ್ಲಿ ಇರಬೇಕೆಂಬುದು ಕನ್ನಡಿಗರಾದ ನಮಗೆ ಹೊಸದಲ್ಲ. ಕಲ್ಯಾಣದ ಶರಣರು ಅದನ್ನು ನಾಲ್ಕು ಶತಮಾನ ಮೊದಲೇ ಮಾಡಿ ತೋರಿಸಿದ್ದರು. ಆದುದರಿಂದ ಲೂಥರನ ಹಿಂಬಾಲಕರು ಹೋದಲ್ಲೆಲ್ಲ ಪ್ರಾರ್ಥನಾಮಂದಿರದ ಪಕ್ಕದಲ್ಲಿ ಶಾಲೆ ಎದ್ದಿತು, ಹಾಡು ಎದ್ದಿತು. ನಮ್ಮ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿಯೂ ಲೂಥರನ್ ಪರಂಪರೆಯವರು ಸೇರಿದ್ದರು; ಆ ಮಿಷನ್ನಿನ ಕಿಟ್ಟೆಲರು ೧೮೯೪ರಲ್ಲಿ ಕೊಟ್ಟ ನಿಘಂಟು ಇಂದಿಗೂ ನನ್ನ ಮೇಜಿನ ಮೇಲಿದೆ.

ನಾರ್ವೆ ದೇಶದವರು ಲೂಥರನ್ನರು. ಆ ದೇಶದಲ್ಲಿ ಬಂಡೆ ಹೆಚ್ಚು, ಮಣ್ಣು ಕಡಿಮೆ. ಉಳುವುದಕ್ಕೆ ಬರುವ ನೆಲ ನೂರಕ್ಕೆ ಮೂರು ನಾಲ್ಕು ಪಾಲು. ಮನೆಯಲ್ಲಿ ಮಕ್ಕಳು ಹೆಚ್ಚಾದರೆ ಹಿರಿಯವನಿಗೆ ಹೊಲ, ಉಳಿದವರಿಗೆ ಸಮುದ್ರ. ೧೮೨೫ರಿಂದ ಮುಂದಿನ ನೂರು ವರ್ಷಗಳಲ್ಲಿ ೮ ಲಕ್ಷಕ್ಕೂ ಹೆಚ್ಚು ನಾರ್ವೇಜಿಯನ್ನರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮಿನೆಸೋಟದ ಕಪ್ಪು ಮಣ್ಣನ್ನು ಕಂಡವರು ಅಲ್ಲಿಯೇ ನೇಗಿಲು ಊರಿದರು. ಹೊಟ್ಟೆಗೆ ಬಂತು, ಆದರೆ ಮಕ್ಕಳ ಗತಿಯೇನು? ಸರ್ಕಾರಿ ಶಾಲೆಗೆ ಹೋದ ಮಗು ಸಂಜೆ ಇಂಗ್ಲಿಷ್ ಮಾತಾಡುತ್ತ ಮನೆಗೆ ಬರತೊಡಗಿತು.

ಈ ಚಿಂತೆಯನ್ನು ತಲೆಗೆ ಹಚ್ಚಿಕೊಂಡವರು ಬರ್ನ್ಟ್ ಜೂಲಿಯಸ್ ಮೂಸ್ ಎಂಬ ಪಾದ್ರಿ. ಹರಾಲ್ಡ್ ಥೋರ್ಸನ್ ಎಂಬ ನಾರ್ತ್‌ಫೀಲ್ಡಿನ ವರ್ತಕರನ್ನೂ ಕೆಲವರು ಒಕ್ಕಲುಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡು ೧೮೭೪ರ ನವೆಂಬರ್ ೬ರಂದು ಶಾಲೆಯ ಕರಾರುಪತ್ರಕ್ಕೆ ರುಜು ಮಾಡಿದರು. ಮರುವರ್ಷ ಜನವರಿಯಲ್ಲಿ ಪಾಠ ಆರಂಭವಾಯಿತು. ಥೋರ್ಬ್ಯೋರ್ನ್ ಮೋನ್ ಮೊದಲ ಮುಖ್ಯೋಪಾಧ್ಯಾಯರು. ಗುಡ್ಡದ ಮೇಲಿನ ಮೊದಲ ಕಟ್ಟಡ ಮುಗಿದದ್ದು ೧೮೭೮ರಲ್ಲಿ. ಇಂದಿಗೂ ಅದನ್ನು ಓಲ್ಡ್ ಮೇನ್ ಎಂದು ಕರೆದು ಬಳಸುತ್ತಿದ್ದಾರೆ. ೧೮೮೯ರಲ್ಲಿ ಶಾಲೆ ಕಾಲೇಜಾಯಿತು. ಓಲಾಫ್ ಎಂಬುವನು ನಾರ್ವೆಯ ರಾಜ. ೧೦೩೦ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಮಡಿದು ಸಂತನೆನಿಸಿಕೊಂಡವನು. ಸಂತರ ಪೂಜೆಯನ್ನು ಒಪ್ಪದ ಲೂಥರನ್ನರು ತಮ್ಮ ಶಾಲೆಗೆ ಸಂತನ ಹೆಸರನ್ನೇ ಇಟ್ಟದ್ದು ವಿನೋದವಾಗಿ ಕಾಣಬಹುದು. ಅವರು ನೆನೆದದ್ದು ಸಂತನನ್ನಲ್ಲ, ಬಿಟ್ಟುಬಂದ ತಾಯ್ನಾಡನ್ನು.

ಈ ಶಾಲೆಯ ಹೆಚ್ಚುಗಾರಿಕೆಯೆಂದರೆ ಮೊದಲ ದಿನದಿಂದಲೇ ಹುಡುಗರೊಂದಿಗೆ ಹುಡುಗಿಯರಿಗೂ ಪ್ರವೇಶವಿತ್ತು. ಪಕ್ಕದ ಅಯೋವ ಸಂಸ್ಥಾನದಲ್ಲಿ ಇದೇ ನಾರ್ವೇಜಿಯನ್ನರು ಕಟ್ಟಿದ ಲೂಥರ್ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು ೧೯೩೦ರ ದಶಕದಲ್ಲಿ. ಆದರೆ ಮನುಷ್ಯನ ಬಾಳು ಒಂದೇ ಬಣ್ಣದ್ದಲ್ಲ. ಹುಡುಗಿಯರಿಗೆ ಬಾಗಿಲು ತೆರೆದ ಇದೇ ಮೂಸ್ ಪಾದ್ರಿಗಳ ಮೇಲೆ ೧೮೭೯ರಲ್ಲಿ ಅವರ ಹೆಂಡತಿ ಓಲಿನೆಯೇ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ತನ್ನ ತಂದೆಯಿಂದ ತನಗೆ ಬಂದ ಪಿತ್ರಾರ್ಜಿತದ ಹಣವನ್ನು ಗಂಡ ತನ್ನದೆಂದು ಇಟ್ಟುಕೊಂಡಿದ್ದಾನೆ, ಕೊಡಿಸಿರಿ ಎಂದು. ನಾರ್ವೆಯ ಕಾನೂನಿನಲ್ಲಿ ಅದು ಗಂಡನ ಹಣ. ಮಿನೆಸೋಟದ ಕಾನೂನಿನಲ್ಲಿ ಹೆಂಡತಿಯದು. ಸಭೆಯವರು ಗಲ್ಲುಗಲ್ಲು ಬಡಿದುಕೊಂಡರು, ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಕೊನೆಗೆ ಆಕೆಗೆ ಹಣದ ಒಂದು ಭಾಗ ಮಾತ್ರ ದಕ್ಕಿತು. ಸಂಸ್ಥಾಪಕರ ಜೀವನವನ್ನು ಬರೆಯುವವರು ಇಂಥ ಪುಟಗಳನ್ನು ಮಡಿಚಿಡುವುದುಂಟು. ನನ್ನ ಮಟ್ಟಿಗೆ, ಓಲಿನೆಯ ಹೆಸರನ್ನು ಬಿಟ್ಟು ಆ ಕಾಲೇಜಿನ ಕಥೆಯನ್ನು ಹೇಳಲು ಮನಸ್ಸಾಗಲಿಲ್ಲ.

ಆ ಕಾಲದ ಇನ್ನೊಂದು ಸಂಗತಿಯನ್ನು ಹೇಳಿಬಿಡುತ್ತೇನೆ. ೧೮೭೬ರ ಸೆಪ್ಟೆಂಬರ್ ೭ರಂದು ಜೆಸ್ಸಿ ಜೇಮ್ಸನ ದರೋಡೆಕೋರ ತಂಡ ನಾರ್ತ್‌ಫೀಲ್ಡಿನ ಬ್ಯಾಂಕಿಗೆ ನುಗ್ಗಿತು. ಖಜಾನೆಯ ಪೆಟ್ಟಿಗೆಯನ್ನು ತೆರೆಯಲೊಪ್ಪದ ಜೋಸೆಫ್ ಹೇವುಡ್ ಎಂಬ ಗುಮಾಸ್ತರನ್ನು ಗುಂಡಿಟ್ಟು ಕೊಂದರು. ಆತ ಹೊಳೆಯ ಆಚೆಯ ಕಾರ್ಲ್‌ಟನ್ ಕಾಲೇಜಿಗೆ ಕೋಶಾಧಿಕಾರಿಯೂ ಆಗಿದ್ದರು. ಅದು ೧೮೬೬ರಲ್ಲಿ ಬೇರೊಂದು ಪಂಗಡದವರು ಕಟ್ಟಿದ ಕಾಲೇಜು. ಊರ ಜನ ಬಂದೂಕು ಹಿಡಿದು ಎದುರುಬಿದ್ದು ದರೋಡೆಕೋರರನ್ನು ಓಡಿಸಿದರು. ಬೀದಿಯಲ್ಲಿ ನಿಕೋಲಾಸ್ ಗುಸ್ತಾಫ್ಸನ್ ಎಂಬ ಸ್ವೀಡನ್ನಿನಿಂದ ಹೊಸದಾಗಿ ಬಂದವನು ನಿಂತಿದ್ದ. ಬೀದಿ ಬಿಟ್ಟು ತೊಲಗಿರೆಂದು ಕುದುರೆಯ ಮೇಲಿನವರು ಕೂಗಿದರು. ಅವನಿಗೆ ಇಂಗ್ಲಿಷ್ ತಿಳಿಯದು, ನಿಂತೇ ಇದ್ದ ಎಂದು ಅಲ್ಲಿಯ ಜನ ಹೇಳುತ್ತಾರೆ. ಗುಂಡೇಟು ತಿಂದು ಕೆಲವು ದಿನ ನರಳಿ ಸತ್ತ. ಹೊಸ ನಾಡಿನ ಭಾಷೆ ಬಾರದಿದ್ದರೆ ಏನಾದೀತೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಡ. ಹಳೆಯ ನಾಡಿನ ಭಾಷೆ ಹೋದರೆ ಏನಾದೀತೆಂಬುದಕ್ಕೆ ಬೇರೆ ಕಥೆ ಇದೆ; ಅದಕ್ಕೆ ಈಗ ಬರುತ್ತೇನೆ. ಅದಕ್ಕೆ ಮುಂಚೆ ಒಬ್ಬರನ್ನು ಮಾತ್ರ ನೆನೆಯಬೇಕು.

ಸಭೆಯೊಳಗಿನ ಜಗಳಗಳಿಂದಾಗಿ ೧೮೯೩ರಿಂದ ಕೆಲವು ವರ್ಷ ಕಾಲೇಜಿಗೆ ಸಭೆಯ ಆಸರೆ ತಪ್ಪಿತು. ಬಾಗಿಲು ಹಾಕುವ ಸ್ಥಿತಿ. ಆಗ ಹಾಲ್ವರ್ ಇಟ್ಟರ್ಬೋ ಎಂಬ ಅಧ್ಯಾಪಕರು ಪಾಠವನ್ನು ಬದಿಗಿಟ್ಟು ಹೊರಟರು. ಹೊಲದಿಂದ ಹೊಲಕ್ಕೆ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದು, ಒಕ್ಕಲುಮಕ್ಕಳಿಂದ ಡಾಲರು ಅರ್ಧ ಡಾಲರು ಎತ್ತಿ ತಂದು ಕಾಲೇಜನ್ನು ಉಳಿಸಿದರು. ನಮ್ಮಲ್ಲಿಯೂ ಜೋಳಿಗೆ ಹಾಕಿಕೊಂಡು ವಿದ್ಯಾರ್ಥಿನಿಲಯಗಳನ್ನು ನಡೆಸಿದ ಮಹನೀಯರಿದ್ದಾರೆ. ಅವರ ಪಂಕ್ತಿಯವರು ಇವರು. ಮುಂದೆ ಹುಡುಗರ ವಸತಿಗೃಹದಲ್ಲಿ ಕೆಂಪುಜ್ವರ ಕಾಣಿಸಿಕೊಂಡಾಗ ಕೋಣೆಕೋಣೆಗಳಿಗೂ ಫಾರ್ಮಾಲ್ಡಿಹೈಡ್ ಧೂಮವನ್ನು ತಾವೇ ಹಾಕಿ ಶುದ್ಧಿ ಮಾಡಿದರು. ಆ ವಿಷವಾಯು ಮೈಯೊಳಗೆ ಸೇರಿ ೧೯೦೪ರಲ್ಲಿ ತೀರಿಕೊಂಡರು. ಆ ವಸತಿಗೃಹಕ್ಕೆ ಆಮೇಲೆ ಅವರ ಹೆಸರನ್ನೇ ಇಟ್ಟರು.

ಅವರು ತೀರಿಕೊಂಡ ಮರುವರ್ಷ ಅಲ್ಲಿಂದ ಪದವಿ ಪಡೆದು ಹೊರಬಂದವನು ಓಲೆ ಎಡ್ವರ್ಟ್ ರೋಲ್ವಾಗ್. ಹುಟ್ಟಿದ್ದು ೧೮೭೬ರಲ್ಲಿ, ನಾರ್ವೆಯ ಉತ್ತರದ ಡನ್ನಾ ಎಂಬ ದ್ವೀಪದಲ್ಲಿ, ಬೆಸ್ತರ ಮನೆಯಲ್ಲಿ. ಈ ಹುಡುಗನನ್ನು ಓದಿಸಿ ಫಲವಿಲ್ಲವೆಂದು ತಂದೆ ಹದಿನಾಲ್ಕರಲ್ಲಿಯೇ ಶಾಲೆ ಬಿಡಿಸಿದ. ಹುಡುಗ ಲೋಫೋಟನ್ನಿನ ಕಡಲಿನಲ್ಲಿ ಮೀನು ಹಿಡಿದ. ೧೮೯೬ರಲ್ಲಿ ಸೋದರಮಾವ ಕಳಿಸಿದ ಟಿಕೆಟಿನ ಮೇಲೆ ಅಮೆರಿಕಕ್ಕೆ ಬಂದು ದಕ್ಷಿಣ ಡಕೋಟದಲ್ಲಿ ಹೊಲದ ಕೂಲಿಯಾದ. ಇಪ್ಪತ್ತರ ಮೇಲೆ ಮತ್ತೆ ಶಾಲೆಯ ಮಣೆಯ ಮೇಲೆ ಕುಳಿತ. ಓದಿಸಿ ಫಲವಿಲ್ಲವೆನಿಸಿಕೊಂಡವನು ೧೯೦೬ರಿಂದ ತಾನೋದಿದ ಸೇಂಟ್ ಓಲಾಫಿನಲ್ಲಿಯೇ ನಾರ್ವೇಜಿಯನ್ ಭಾಷೆ ಸಾಹಿತ್ಯಗಳ ಅಧ್ಯಾಪಕನಾದ. ೧೯೩೧ರಲ್ಲಿ ಸಾಯುವವರೆಗೂ ಅಲ್ಲಿಯೇ. ಮೂವತ್ತು ವರ್ಷ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ: ಯಾವ ಮಗುವಿನ ವಿಷಯದಲ್ಲಿಯೂ ಆ ತಂದೆಯ ಮಾತನ್ನು ಆಡಬಾರದು.

ರೋಲ್ವಾಗನ ದೊಡ್ಡ ಕಾದಂಬರಿ ನಾರ್ವೇಜಿಯನ್ ಭಾಷೆಯಲ್ಲಿಯೇ ಬರೆದದ್ದು, ಎರಡು ಭಾಗಗಳಾಗಿ ೧೯೨೪ ಮತ್ತು ೧೯೨೫ರಲ್ಲಿ ಓಸ್ಲೋದಲ್ಲಿ ಅಚ್ಚಾದದ್ದು. ಅಮೆರಿಕದಲ್ಲಿ ಕುಳಿತು ಅಮೆರಿಕದ ಕಥೆಯನ್ನು ಬರೆದ. ಅಮೆರಿಕನ್ನರಿಗೆ ಅದು ಅನುವಾದವಾಗಿ ೧೯೨೭ರಲ್ಲಿ ದೊರೆಯಿತು. ಇಂಗ್ಲಿಷಿನಲ್ಲಿ ಅದರ ಹೆಸರು 'ಜೈಂಟ್ಸ್ ಇನ್ ದಿ ಅರ್ಥ್'. ಪೆರ್ ಹಾನ್ಸ ಎಂಬ ಹುರುಪಿನ ರೈತ ೧೮೭೩ರಲ್ಲಿ ಹೆಂಡತಿ ಬೆರೆಟ್ ಮತ್ತು ಮಕ್ಕಳೊಡನೆ ಕಮಾನುಗಾಡಿ ಕಟ್ಟಿಕೊಂಡು ಡಕೋಟದ ಹುಲ್ಲುಗಾವಲಿಗೆ ಬರುತ್ತಾನೆ. ಅವನಿಗೆ ಅದು ರಾಜ್ಯ, ತಾನು ಅದರ ಅರಸು. ಅವಳಿಗೆ ಅಲ್ಲಿ ಮರವಿಲ್ಲ, ಗುಡ್ಡವಿಲ್ಲ, ಮರೆಯಾಗಲು ಒಂದು ಮೂಲೆಯಿಲ್ಲ. ಆ ಬಯಲೇ ಒಂದು ಭೂತ. ಮಿಡತೆಯ ದಂಡು ಬಿದ್ದು ಪೈರನ್ನೆಲ್ಲ ತಿಂದ ದಿನ ಗಂಡ ಮನೆಗೆ ಬಂದು ನೋಡಿದರೆ, ಆಕೆ ತವರಿನಿಂದ ತಂದ ಹಳೆಯ ಮರದ ಪೆಟಾರಿಯೊಳಗೆ ಮಕ್ಕಳನ್ನು ಅಪ್ಪಿಕೊಂಡು ಅಡಗಿ ಕುಳಿತಿದ್ದಾಳೆ. ತವರಿನ ಪೆಟಾರಿಯೊಂದೇ ಆಕೆಗೆ ನೆಲೆ! ನೆಲ ಕೈಗೆ ಬಂದರೂ ಮನಸ್ಸು ಊರದಿದ್ದರೆ ಮನುಷ್ಯನ ಪಾಡೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಚಿತ್ರವನ್ನು ನಾನು ಓದಿಲ್ಲ. ಕೊನೆಗೆ ಪೆರ್ ಹಾನ್ಸ ಸಾಯುತ್ತಿರುವ ಗೆಳೆಯನಿಗಾಗಿ ಪಾದ್ರಿಯನ್ನು ಕರೆತರಲು ಹಿಮದ ಬಿರುಗಾಳಿಯಲ್ಲಿ ಹೊರಡುತ್ತಾನೆ. ಅವನ ಹೆಣ ಸಿಕ್ಕುವುದು ಮೇ ತಿಂಗಳಲ್ಲಿ, ಹುಲ್ಲಿನ ಮೆದೆಗೆ ಒರಗಿ ಪಡುವಣದ ಕಡೆ ಮುಖ ಮಾಡಿ ಕುಳಿತ ಭಂಗಿಯಲ್ಲಿ.

ರೋಲ್ವಾಗ್ ಕೇವಲ ಕಥೆ ಬರೆದು ಸುಮ್ಮನಾದವನಲ್ಲ. ಆತನ ಕಾಲ ಕಷ್ಟದ್ದು. ಮೊದಲನೆಯ ಮಹಾಯುದ್ಧದ ಬಿಸಿಯಲ್ಲಿ ಇಂಗ್ಲಿಷಲ್ಲದ ಭಾಷೆಯೆಲ್ಲ ಶತ್ರುವಿನ ಭಾಷೆಯಂತೆ ಕಂಡಿತು. ೧೯೧೮ರ ಮೇ ತಿಂಗಳಲ್ಲಿ ಅಯೋವ ಸಂಸ್ಥಾನದ ಗವರ್ನರು ಹುಕುಂ ಹೊರಡಿಸಿ, ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಕಡೆಗೆ ದೇವರ ಮುಂದಿನ ಉಪದೇಶದಲ್ಲಿಯೂ ಇಂಗ್ಲಿಷನ್ನೇ ಆಡತಕ್ಕದ್ದೆಂದು ವಿಧಿಸಿದ. ಮುದುಕಿಯೊಬ್ಬಳು ಮಗಳೊಡನೆ ಟೆಲಿಫೋನಿನಲ್ಲಿ ತನ್ನ ಮಾತನ್ನಾಡಿದರೆ ಅಪರಾಧ! ಆ ಹುಕುಂ ಯುದ್ಧದೊಡನೆ ಹೋಯಿತು, ಭಯ ಹೋಗಲಿಲ್ಲ. ಮನೆಮನೆಗಳಲ್ಲಿ ತಂದೆತಾಯಿಗಳೇ ಮಕ್ಕಳೊಡನೆ ಇಂಗ್ಲಿಷಿಗೆ ತಿರುಗಿದರು. ರೋಲ್ವಾಗ್ ೧೯೧೯ರಲ್ಲಿ ಪಿತೃಪರಂಪರೆಯ ರಕ್ಷಣೆಗೆಂದು ಒಂದು ಸಂಘವನ್ನು ಕಟ್ಟಿ ಹೋರಾಡಿದ. ಆತನ ವಾದವೆಂದರೆ, ಹಳೆಯ ಭಾಷೆಯನ್ನು ಕಿತ್ತೊಗೆದವನು ಒಳ್ಳೆಯ ಅಮೆರಿಕನ್ನನೂ ಆಗಲಾರ. ಅವನು ಎರಡು ಕಡೆಗೂ ಸಲ್ಲದ ಬರಿಗೈಯವನಾಗುತ್ತಾನೆ. ಸಂಘ ಬಹುಕಾಲ ಉಳಿಯಲಿಲ್ಲ. ಆದರೆ ೧೯೨೫ರಲ್ಲಿ ಆತನೂ ಸೇರಿ ಸ್ಥಾಪಿಸಿದ ನಾರ್ವೇಜಿಯನ್ ಅಮೆರಿಕನ್ ಚರಿತ್ರ ಸಂಘ ಇಂದಿಗೂ ಆ ಗುಡ್ಡದ ಮೇಲಿದೆ. ವಲಸೆ ಬಂದವರ ಕಾಗದಗಳನ್ನೂ ದಿನಚರಿಗಳನ್ನೂ ಜೋಪಾನವಾಗಿ ಕಾಯುತ್ತಿದೆ.

ಭಾಷೆಯ ಮಟ್ಟಿಗೆ ಆತ ಸೋತನೆನ್ನದೆ ಗತ್ಯಂತರವಿಲ್ಲ. ಮೊಮ್ಮಕ್ಕಳು ಇಂಗ್ಲಿಷಿನವರೇ ಆದರು. ಆತನ ಮಗ ಕಾರ್ಲ್ ರೋಲ್ವಾಗ್ ೧೯೬೩ರಲ್ಲಿ ಮಿನೆಸೋಟದ ಗವರ್ನರೇ ಆದದ್ದು ನಿಜ, ನೆಲ ಒಪ್ಪಿಕೊಂಡಿತು. ಆದರೆ ಒಕ್ಕಲುಮನೆಯ ಅಡುಗೆಮನೆಯಲ್ಲಿದ್ದ ಭಾಷೆ ಕಾಲೇಜಿನ ಪಾಠದ ವಿಷಯವಾಗಿ ಉಳಿಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿದ್ದಾನೆ. ಊರಿಗೆ ಬಂದಾಗ ಮಗನನ್ನು ಕರೆದುಕೊಂಡು ಬಂದಿದ್ದ. ಹುಡುಗನನ್ನು ನಾನು ಕನ್ನಡದಲ್ಲಿ ಮಾತನಾಡಿಸಿದೆ. ಅವನು ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ತಂದೆ ಸಂಕೋಚಪಟ್ಟು, "ಅವನಿಗೆ ಎಲ್ಲಾ ಅರ್ಥ ಆಗುತ್ತೆ ಮೇಷ್ಟ್ರೇ, ಮಾತು ಮಾತ್ರ ಬರೋಲ್ಲ" ಎಂದ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, "ಅರ್ಥ ಆಗತ್ತಂತೆ! ನನ್ನ ಹತ್ರ ಹೇಳ್ಕೋಬೇಕಾದ್ದನ್ನ ಯಾವ ಭಾಷೇಲಿ ಹೇಳ್ಕೋತಾನೋ" ಎಂದು ಎದ್ದು ಒಳಕ್ಕೆ ಹೋದರು. ಅಲ್ಲಿಯ ಕನ್ನಡ ಕೂಟಗಳವರು ಭಾನುವಾರದ ಶಾಲೆಗಳನ್ನು ನಡೆಸಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಾರೆಂದು ಆತ ಹೇಳಿದ. ರೋಲ್ವಾಗನ ಕಥೆಯನ್ನು ಅವನಿಗೆ ನಾನು ಹೇಳಿದೆ. ಬೆದರಿಸಲಿಕ್ಕಲ್ಲ, ಈ ಕಷ್ಟ ಅವನೊಬ್ಬನದಲ್ಲವೆಂದು ತಿಳಿಯಲಿ ಎಂದು.

ಅನುವಾದದ ಮಾತು ಬಂದುದರಿಂದ ಇನ್ನೊಂದು ದಂಪತಿಯನ್ನು ಹೆಸರಿಸಬೇಕು. ಹೋವರ್ಡ್ ಹಾಂಗ್ ಸೇಂಟ್ ಓಲಾಫಿನ ತತ್ತ್ವಶಾಸ್ತ್ರದ ಅಧ್ಯಾಪಕರು. ಅವರೂ ಅವರ ಪತ್ನಿ ಎಡ್ನಾ ಅವರೂ ಕೂಡಿ ಡೆನ್ಮಾರ್ಕಿನ ದಾರ್ಶನಿಕ ಕಿರ್ಕೆಗಾರ್ದನ ಗ್ರಂಥಗಳನ್ನು ಜೀವಮಾನವಿಡೀ ಇಂಗ್ಲಿಷಿಗೆ ತಂದರು. ೧೯೬೮ರಲ್ಲಿ ಅದಕ್ಕಾಗಿ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಬಂತು. ಅವರ ಮನೆಯ ಪುಸ್ತಕಗಳೇ ಕಾಲೇಜಿನ ಕಿರ್ಕೆಗಾರ್ದ್ ಗ್ರಂಥಭಂಡಾರಕ್ಕೆ ಮೂಲಧನವಾದವು. ಲೋಕದ ಹಲವು ಕಡೆಯ ವಿದ್ವಾಂಸರು ಅಲ್ಲಿಗೆ ಬಂದು ಓದುತ್ತಾರೆ. ಮೂರು ಸಾವಿರ ಮಕ್ಕಳ ಸಣ್ಣ ಕಾಲೇಜಿನಲ್ಲಿ ಇಂಥ ಕೆಲಸ ನಡೆದೀತೆಂದು ನಾವು ನಂಬುವುದು ಕಷ್ಟ.

ಅಲ್ಲಿಯ ಸಂಗೀತದ ಕೀರ್ತಿ ಎಲ್ಲಕ್ಕಿಂತ ದೊಡ್ಡದು. ಎಫ್. ಮೇಲಿಯಸ್ ಕ್ರಿಸ್ಟಿಯಾನ್ಸೆನ್ ನಾರ್ವೆಯಿಂದ ಬಂದ ಪಿಟೀಲುಗಾರ. ೧೯೦೩ರಲ್ಲಿ ಕಾಲೇಜಿಗೆ ಸೇರಿ ೧೯೧೨ರಲ್ಲಿ ಸೇಂಟ್ ಓಲಾಫ್ ಗಾಯನಮೇಳವನ್ನು ಸ್ಥಾಪಿಸಿದ. ಪಕ್ಕವಾದ್ಯವಿಲ್ಲ, ಕೈಯಲ್ಲಿ ಹಾಳೆಯಿಲ್ಲ, ಬರಿಯ ಕಂಠ. ೧೯೨೦ರಲ್ಲಿ ನ್ಯೂಯಾರ್ಕ್ ಮೊದಲಾದ ಪೂರ್ವದ ನಗರಗಳಿಗೆ ಹೋಗಿ ಹಾಡಿದಾಗ, ಹಳ್ಳಿಗಾಡಿನ ರೈತರ ಮಕ್ಕಳಿವರೇ ಎಂದು ಅಲ್ಲಿಯ ರಸಿಕರು ಬೆರಗಾದರು. ಕ್ರಿಸ್ಟಿಯಾನ್ಸೆನ್ ನಂತರ ಆತನ ಮಗ, ಆಮೇಲೆ ಕೆನೆತ್ ಜೆನ್ನಿಂಗ್ಸ್, ೧೯೯೦ರಿಂದ ಆಂಟನ್ ಆರ್ಮ್‌ಸ್ಟ್ರಾಂಗ್: ನೂರು ವರ್ಷದಲ್ಲಿ ಮೇಳವನ್ನು ನಡೆಸಿದವರು ನಾಲ್ವರೇ. ನಮ್ಮ ಗುರುಶಿಷ್ಯ ಪರಂಪರೆಗಳಂತೆಯೇ ಇದು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ನಡೆಯುವ ಗಾಯನೋತ್ಸವವೂ ೧೯೧೨ರಿಂದಲೇ ಬಂದದ್ದು. ಕಾಲೇಜಿನ ಆಟದ ಹಾಡೂ ಒಂದಿದೆ. ಉಳಿದ ಕಾಲೇಜುಗಳ ಆಟದ ಹಾಡುಗಳೆಲ್ಲ ದಂಡಿನ ನಡೆಯವು. ಇವರದು ಮೂರು ಮಾತ್ರೆಯ ಕುಣಿತದ ನಡೆ. ಜಗಳಕ್ಕೆ ಹೋಗುವವರು ತೂಗಾಡುತ್ತ ಹೋದಂತೆ!

ಈಗ ಬಾನುಲಿಯ ವಿಷಯ. ಶ್ರೋತೃಗಳಿಗೆ ಇದೇ ಹೆಚ್ಚು ಹತ್ತಿರದ್ದು.

ಸೇಂಟ್ ಓಲಾಫಿನ ಭೌತಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ೧೯೧೮ರಲ್ಲಿ ನಿಸ್ತಂತು ಪ್ರೇಷಣದ ಪ್ರಯೋಗಗಳನ್ನು ತೊಡಗಿದರು. ೧೯೨೨ರಲ್ಲಿ ಸರ್ಕಾರದ ಪರವಾನಗಿ ದೊರೆತು ನಿಲಯಕ್ಕೆ ಡಬ್ಲ್ಯೂ.ಸಿ.ಎ.ಎಲ್. ಎಂಬ ಹೆಸರು ಬಿತ್ತು. ಲಂಡನ್ನಿನ ಬಿ.ಬಿ.ಸಿ. ಪ್ರಸಾರ ತೊಡಗಿದ್ದೂ ಅದೇ ವರ್ಷ ಎಂಬುದನ್ನು ನೆನೆದರೆ ಆ ಹುಡುಗರ ಸಾಹಸ ತಿಳಿದೀತು. ನಮ್ಮಲ್ಲಿಯೂ ಇದಕ್ಕೆ ಜೊತೆ ಉಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ ವಿಠಲವಿಹಾರದಿಂದ ೩೦ ವಾಟಿನ ಪುಟ್ಟ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನಾಡಿಗೆಲ್ಲ ಬಂದದ್ದು ಆ ಮನೆಯಿಂದ. ಲೋಕದ ಎರಡು ಮೂಲೆಗಳಲ್ಲಿ ಮೇಷ್ಟರುಗಳೇ ಬಾನುಲಿಯನ್ನು ಹುಟ್ಟುಹಾಕಿದರೆಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ಮಾತು.

ಡಬ್ಲ್ಯೂ.ಸಿ.ಎ.ಎಲ್. ಜಾಹೀರಾತಿನ ನಿಲಯವಲ್ಲ. ಖರ್ಚಿಗೆ ಕೇಳುಗರೇ ದಿಕ್ಕು. ಇಟ್ಟರ್ಬೋ ಅವರ ಜೋಳಿಗೆ ಈಗ ಅಂಚೆಯ ಮೂಲಕ ಹೋಯಿತೆನ್ನಬಹುದು. ಹಿಮ ಮುಚ್ಚಿ ದಾರಿ ಕಟ್ಟಿದ ಚಳಿಗಾಲದ ಭಾನುವಾರ, ಪ್ರಾರ್ಥನಾಮಂದಿರಕ್ಕೆ ಹೋಗಲಾರದ ಮುದುಕರು ಒಲೆಯ ಪಕ್ಕದಲ್ಲಿ ಕುಳಿತು ಗುಡ್ಡದ ಮೇಲಿನ ಉಪಾಸನೆಯನ್ನು ಕೇಳಿದರು. ಆಗಾಗ ಒಂದೊಂದು ಡಾಲರು ಕಳಿಸಿದರು. ಕೇಳುಗರ ಹಣದಿಂದಲೇ ನಡೆದ ಬಾನುಲಿಗಳಲ್ಲಿ ಇದು ಅಮೆರಿಕದಲ್ಲಿ ಮೊದಮೊದಲಿನದು. ಮಿನೆಸೋಟ ವಿಶ್ವವಿದ್ಯಾನಿಲಯದ ನಿಲಯವೂ ಇದೂ ಬಹುಕಾಲ ಒಂದೇ ಅಲೆಯನ್ನು ಹಂಚಿಕೊಂಡಿದ್ದವು. ಇಂತಿಷ್ಟು ಹೊತ್ತು ಅವರದು, ಇಂತಿಷ್ಟು ಹೊತ್ತು ಇವರದು, ಒಂದೇ ಬಾವಿಯಿಂದ ಸರದಿಯ ಮೇಲೆ ನೀರು ಸೇದುವ ಎರಡು ಮನೆಗಳ ಹಾಗೆ.

೨೦೦೪ರಲ್ಲಿ ಕಾಲೇಜಿನ ಆಡಳಿತ ಮಂಡಳಿಯವರು ಈ ನಿಲಯವನ್ನು ಮಿನೆಸೋಟ ಪಬ್ಲಿಕ್ ರೇಡಿಯೋ ಸಂಸ್ಥೆಗೆ ಮಾರಿಬಿಟ್ಟರು. ಬೆಲೆ ಸುಮಾರು ಒಂದು ಕೋಟಿ ಐದು ಲಕ್ಷ ಡಾಲರು. ಆ ವರ್ಷ ನವೆಂಬರಿನಲ್ಲಿ ಹಳೆಯ ದನಿ ನಿಂತಿತು. ೨೦೦೫ರ ಜನವರಿಯಿಂದ ಅದೇ ಅಲೆಯ ಮೇಲೆ ತರುಣರ ಹೊಸ ಮಾದರಿಯ ಸಂಗೀತ ಕೇಳಿಬಂತು. ಮಂಡಳಿಯವರ ಪಕ್ಷವನ್ನೂ ಹೇಳಬೇಕು. ಕಾಲೇಜಿನ ಕೆಲಸ ಪಾಠ ಹೇಳುವುದು, ಬಾನುಲಿ ನಡೆಸುವುದಲ್ಲ; ಆ ಹಣ ವಿದ್ಯೆಗೆ ಒದಗುತ್ತದೆ ಎಂಬುದು ಅವರ ಎಣಿಕೆ. ಸಣ್ಣ ಕಾಲೇಜುಗಳಿಗೆ ಈ ಭಯ ಸುಳ್ಳಲ್ಲ. ಡೇನಿಷ್ ಲೂಥರನ್ನರು ೧೮೮೪ರಲ್ಲಿ ನೆಬ್ರಾಸ್ಕದಲ್ಲಿ ಕಟ್ಟಿದ ಡಾನಾ ಕಾಲೇಜು ೨೦೧೦ರಲ್ಲಿ ಮುಚ್ಚಿತು. ಫಿನ್ಲೆಂಡಿನವರು ೧೮೯೬ರಲ್ಲಿ ಮಿಷಿಗನ್ನಿನಲ್ಲಿ ಕಟ್ಟಿದ್ದು, ಮುಂದೆ ಫಿನ್ಲಾಂಡಿಯ ವಿಶ್ವವಿದ್ಯಾನಿಲಯವೆನಿಸಿಕೊಂಡದ್ದು, ೨೦೨೩ರಲ್ಲಿ ಮುಚ್ಚಿತು. ಶತಮಾನ ಕಳೆದ ಸಂಸ್ಥೆಗಳು! ನಮ್ಮ ಹಳ್ಳಿಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿ ಬೀಗ ಬೀಳುತ್ತಿರುವ ಕನ್ನಡ ಶಾಲೆಗಳನ್ನು ಕಂಡವರಿಗೆ ಆ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಕೇಳುಗರ ಕಡೆಯ ನ್ಯಾಯ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಎಂಬತ್ತು ವರ್ಷ ಡಾಲರು ಡಾಲರಾಗಿ ಕೊಟ್ಟವರು ಕಾಲೇಜಿಗೆ ಆಸ್ತಿ ಮಾಡಿಕೊಡಲೆಂದು ಕೊಟ್ಟವರಲ್ಲ. ತಮ್ಮ ಮನೆಗೆ ಆ ದನಿ ಬರುತ್ತಿರಲಿ ಎಂದು ಕೊಟ್ಟವರು. ಹರಕೆಯ ಹಣದಿಂದ ತೋಡಿದ ಕೆರೆಯನ್ನು ಧರ್ಮದರ್ಶಿಗಳು ಮಾರಿ ಮಠದ ಗೋಡೆಯನ್ನು ಎತ್ತರಿಸಿದರೆ ಊರವರು ಒಪ್ಪುತ್ತಾರೆಯ? ಅಲ್ಲಿಯವರೂ ಒಪ್ಪಲಿಲ್ಲ. ಗುಂಪು ಕಟ್ಟಿಕೊಂಡು, ಇದು ಧರ್ಮದತ್ತಿ, ಮಾರಲು ನಿಮಗೆ ಅಧಿಕಾರವಿಲ್ಲವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು; ವರ್ಷಗಟ್ಟಲೆ ವಾದಿಸಿದರು. ಮಾರಾಟ ಮಾತ್ರ ರದ್ದಾಗಲಿಲ್ಲ.

ಬಾನುಲಿಯ ನಂಟು ಪೂರ್ತಿ ಕಡಿದುಹೋಯಿತೆಂದಲ್ಲ. 'ಸಿಂಗ್ ಫಾರ್ ಜಾಯ್' ಎಂಬ ಭಕ್ತಿಸಂಗೀತದ ವಾರದ ಕಾರ್ಯಕ್ರಮವನ್ನು ಕಾಲೇಜಿನವರು ನಿಲಯ ಹೋದ ಮೇಲೂ ತಾವೇ ಸಿದ್ಧಪಡಿಸಿ ಬೇರೆ ನಿಲಯಗಳಿಗೆ ಕಳಿಸುತ್ತ ಬಂದರು. ಡಿಸೆಂಬರಿನ ಗಾಯನೋತ್ಸವವನ್ನೂ ಬೇರೆಯವರ ಅಲೆಗಳು ಹೊತ್ತು ಒಯ್ಯುತ್ತವೆ. ಐದು ಮೇಳಗಳೂ ವಾದ್ಯವೃಂದವೂ ಸೇರಿ ನೂರಾರು ಮಕ್ಕಳು ಹಾಡುವ ಆ ರಾತ್ರಿಗಳಲ್ಲಿ ಹಳೆಯ ವಿದ್ಯಾರ್ಥಿಗಳು ದೂರದೂರದ ಊರುಗಳಿಂದ ಹಿಮದಲ್ಲಿ ಗುಡ್ಡ ಹತ್ತಿ ಬರುತ್ತಾರೆ, ಬರಲಾರದವರು ಮನೆಯಲ್ಲಿ ಕುಳಿತು ಕೇಳುತ್ತಾರೆ.